ಪಿನ್ಯಾ ಕೊಲಾದಾ ಹುಟ್ಟಿದ ಗೋಡೆ

"ಏನೇ ಹೇಳಿ ದೋನ್ಯಾ ಪ್ರೊವಿ, ನಿಮ್ಮ ಗೋಡೆ ಮೇಲಿರೋದು ಹೋತವೇ" ಅಂದ ಚೆಯೊ.

ಹೆಗಲ ಮೇಲೆ ಏಣಿ, ಕೈಯಲ್ಲಿ ಬಿಳಿ ಬಣ್ಣದ ಬಕೆಟ್ಟು. ಪುರಸಭೆಯಲ್ಲಿ ಬಣ್ಣ ಬಳಿಯುವ ಕೆಲಸ ಚೆಯೊನದು. ಆದರೆ ಬಣ್ಣಕ್ಕಿಂತ ಹೆಚ್ಚಾಗಿ ಅವನು ಊರೆಲ್ಲ ಬಳಿದುಕೊಂಡು ಬಂದದ್ದು ತನ್ನ ಅಭಿಪ್ರಾಯಗಳನ್ನೇ.

"ಗಡ್ಡ ನೋಡಿ. ಕಿವಿ ನೋಡಿ, ಹೆಂಗೆ ಜೋತುಬಿದ್ದಿವೆ. ಕಣ್ಣೊಂದು ಈ ಕಡೆ, ಇನ್ನೊಂದು ಆ ಕಡೆ. ಮನುಷ್ಯ ಆದೋನು ಎರಡು ಕಣ್ಣಲ್ಲೂ ಒಂದೇ ಕಡೆ ನೋಡ್ತಾನೆ."

"ಅದು ನಮ್ಮಜ್ಜ" ಅಂದಳು ಪ್ರೊವಿ. ತೆಂಗಿನಕಾಯಿ ತುರಿಯುತ್ತಿದ್ದ ಕೈ ನಿಲ್ಲಲಿಲ್ಲ, ಇನ್ನಷ್ಟು ಜೋರಾಯಿತು. "ಕೈಲಿರೋದು ಅನಾನಸು."

"ಕಡಲಲ್ಲಿ ಕಾಲಿಗೆ ಚುಚ್ಚುತ್ತಲ್ಲ ಆ ಮುಳ್ಳುಚೆಂಡು, ಅದು ಅಂದ್ಕೊಂಡಿದ್ದೆ ನಾನು."

"ಚೆಯೊ, ನಿಂಗೆ ಬಾಕಲಾಯಿತೊ ಬೇಕೋ ಬೇಡವೋ?"

"ಬೇಕು."

"ಹಾಗಾದ್ರೆ ಅದು ಯಾರು?"

ಚೆಯೊ ಬಾಣಲೆಯ ಎಣ್ಣೆಯಲ್ಲಿ ಅಂಗೈಯಗಲಕ್ಕೆ ಉಬ್ಬುತ್ತಿದ್ದ ಉಪ್ಪುಮೀನಿನ ಬಾಕಲಾಯಿತೊ ನೋಡಿದ. ಗೋಡೆ ನೋಡಿದ. "ನಿಮ್ಮಜ್ಜ. ಪಾಪ, ಮೈ ಹುಷಾರಿಲ್ಲದಾಗ ಬರೆಸ್ಕೊಂಡಿರ್ಬೇಕು."

ಪ್ಯೂರ್ಟೊ ರಿಕೊದಲ್ಲಿ ಯಾರನ್ನು ಬೇಕಾದರೂ ಕೇಳಿ, ಪಿನ್ಯಾ ಕೊಲಾದಾ ಮೊದಲು ಮಾಡಿದವನು ಅವರ ಅಜ್ಜನೇ ಆಗಿರುತ್ತಾನೆ. ಅನಾನಸು, ತೆಂಗಿನ ಹಾಲು, ರಮ್ಮು, ಐಸು, ಇಷ್ಟೇ ನಾಲ್ಕು ಸಾಮಾನು. ಈ ನಾಲ್ಕನ್ನು ಯಾರ ಅಜ್ಜ ಮೊದಲು ಒಟ್ಟಿಗೆ ಸೇರಿಸಿದ ಅನ್ನೋದರ ಮೇಲೆ ಮುರಿದುಬಿದ್ದ ಮದುವೆಗಳಿವೆ. ಪ್ಲಾಯಾ ಮಾನ್ಸಾದ ಕಡಲ ದಂಡೆಯಲ್ಲಿ ಸಾಲಾಗಿ ಹನ್ನೊಂದು ಅಂಗಡಿಗಳು. ಏಳನೆಯದು ಪ್ರೊವಿಯದು, ಎಂಟನೆಯದು ಅವಳ ಚಿಕ್ಕಪ್ಪನ ಮಗ ಗುಮೆರ್ಸಿಂದೊ ಅನ್ನುವ ಗುಮೆಯದು. ಉಳಿದ ಊರಿನ ಜಗಳಕ್ಕೂ ಇವರ ಜಗಳಕ್ಕೂ ಇದ್ದ ವ್ಯತ್ಯಾಸ ಏನೆಂದರೆ, ಇವರಿಬ್ಬರ ಅಜ್ಜ ಒಬ್ಬನೇ.

ಒಬ್ಬನೇ ಅಜ್ಜ, ಆದರೆ ಕಥೆ ಎರಡು. ದೊನ್ ಕಸಿಮಿರೊ ಮೊಮ್ಮಗಳಿಗೆ ಹೇಳಿದ್ದು ಚಂಡಮಾರುತದ ಕಥೆ: ಗಾಳಿಗೆ ಊರಿನ ತೆಂಗಿನಕಾಯಿಯೆಲ್ಲ ಉದುರಿತು, ತಿರುವಿನಲ್ಲಿ ಅನಾನಸಿನ ಲಾರಿ ಮಗುಚಿತು, ಮನೆಯಲ್ಲಿ ರಮ್ಮಿತ್ತು. ಮೊಮ್ಮಗನಿಗೆ ಹೇಳಿದ್ದು ರಾಜಧಾನಿಯ ದೊಡ್ಡ ಹೋಟೆಲಿನ ಕಥೆ: ಬಿಳಿ ಕೋಟು, ಹಿತ್ತಾಳೆ ಗುಂಡಿ, ಲಿಫ್ಟಿನಿಂದ ಇಳಿದು ಬಂದ ಒಬ್ಬ ಸಾಹೇಬ. ಇಬ್ಬರೂ ತಮ್ಮತಮ್ಮ ಕಥೆಯನ್ನು ಮೂವತ್ತು ವರ್ಷ ಗಿರಾಕಿಗಳಿಗೆ ಎದೆ ಮುಟ್ಟಿಕೊಂಡು ಹೇಳಿದ್ದರು. ಗುಮೆ ತನ್ನ ಗೋಡೆ ಮೇಲೆ ನೀಲಿ ಅಕ್ಷರದಲ್ಲಿ 'ಮೂಲ ಕೊಲಾದಾ, ಬೇರೆಲ್ಲ ನಕಲು' ಅಂತ ಬರೆಸಿದ್ದ. ಪ್ರೊವಿಯ ಗೋಡೆ ಮೇಲೆ ಚಿತ್ರವೇ ಇತ್ತು, ಕೆಳಗೆ ಉದ್ದಕ್ಕೆ 'ಪಿನ್ಯಾ ಕೊಲಾದಾ ಹುಟ್ಟಿದ್ದು ಇಲ್ಲೇ' ಅಂತ ಕೆಂಪಕ್ಷರ.

ಯಾರೋ ಪ್ರವಾಸಿ ಎರಡೂ ಗೋಡೆಯ ಫೋಟೋ ಪ್ರವಾಸೋದ್ಯಮ ಸಮಿತಿಗೆ ಕಳಿಸಿ, ಒಂದು ಪಾನೀಯ ಎರಡು ಸಲ ಹೇಗೆ ಹುಟ್ಟುತ್ತೆ ಅಂತ ಕೇಳಿದನಂತೆ. ಸಮಿತಿಯಿಂದ ಕಾಗದ ಬಂತು. ಶನಿವಾರ ಸಮಿತಿಯ ಮೇಡಂ ಬರುತ್ತಾರೆ, ರುಚಿ ನೋಡುತ್ತಾರೆ, ಅಜ್ಜನ ಹೇಳಿಕೆ ತಗೊಳ್ಳುತ್ತಾರೆ. ಗೆದ್ದ ಗೋಡೆಗೆ ಕಂಚಿನ ಫಲಕ. ಸೋತ ಗೋಡೆಯ ಮೇಲೆ ಹಕ್ಕು ಸಾರುವ 'ಬರಹವಾಗಲಿ, ಚಿತ್ರವಾಗಲಿ' ಇರುವಂತಿಲ್ಲ, ಅದೇ ದಿನ ಬಿಳಿ.

ಫಲಕ ಗುಮೆಗೇ ಹೋಗಲಿ, ಪ್ರೊವಿಗೆ ಅದರ ಮೇಲೆ ಆಸೆ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಚಿತ್ರ. ಬರೆದವನು ಅವಳ ಗಂಡ ಚಾಗೊ. ಬಸ್ಸು ಓಡಿಸಿಕೊಂಡಿದ್ದವನು, ಜನ್ಮದಲ್ಲಿ ಕುಂಚ ಹಿಡಿದವನಲ್ಲ. ದೋಣಿಗೆ ಬಳಿದು ಉಳಿದ ಬಣ್ಣ ತಂದು, ನಲವತ್ತು ದಿನ ಏಣಿ ಹತ್ತಿ ಇಳಿದು ಬರೆದ. ಕಿವಿಗೆ ಮೂರು ದಿನ, ಮೂಗಿಗೆ ಒಂದು ವಾರ. ಬರೆದು ಮುಗಿಸಿ ಹಿಂದೆ ಸರಿದು ನಿಂತು, "ಪ್ರೊವಿ, ಸ್ವಲ್ಪ ಹೋತದ ಥರ ಆಯ್ತಾ?" ಅಂತ ಕೇಳಿದ್ದ. "ಯಾವ ಕುರುಡ ಹಾಗಂತಾನೆ?" ಅಂದಿದ್ದಳು ಅವಳು. ಅವತ್ತಿನಿಂದ ಹಾಗಂದವರಿಗೆಲ್ಲ ಅವಳ ಅಂಗಡಿಯಲ್ಲಿ ಕೊಲಾದಾ ಬಂದ್. ಚಾಗೊ ತೀರಿಕೊಂಡು ಎರಡು ವರ್ಷ. ಅವನ ಅಂಗಿಗಳನ್ನು ಕೊಟ್ಟುಬಿಟ್ಟಿದ್ದಳು, ಚಪ್ಪಲಿ ಕೊಟ್ಟುಬಿಟ್ಟಿದ್ದಳು. ಗೋಡೆಯನ್ನು ಯಾರಿಗೆ ಕೊಡುತ್ತಾಳೆ?

ಅವತ್ತೇ ಆ ಶನಿವಾರ. ಹತ್ತು ಗಂಟೆಗೆ ಗುಮೆ ಅಜ್ಜನನ್ನು ಕೈಹಿಡಿದು ಕರೆತಂದು ಕಾಡುಬಾದಾಮಿ ಮರದಡಿ ಕೂರಿಸಿದ. ತೊಂಬತ್ತಮೂರು ವರ್ಷ ಅಜ್ಜನಿಗೆ. ಹಲ್ಲು ಕಟ್ಟಿಸಿದ್ದು, ಹಸಿವು ಮಾತ್ರ ಹುಟ್ಟಿದಾಗಿನದೇ.

ಗುಮೆ ಅತ್ತ ಹೋಗುವುದನ್ನೇ ಕಾದು ಪ್ರೊವಿ ಎರಡು ಬಾಕಲಾಯಿತೊ, ಒಂದು ತಣ್ಣನೆ ಮಾಲ್ಟಾ ಬಾಟಲಿ ತಂದಿಟ್ಟಳು.

"ಅಜ್ಜ, ಇವತ್ತು ಸರಿಯಾಗಿ ಹೇಳ್ಬೇಕು."

"ನಿಂಗ್ಯಾವುದು ಬೇಕು ಪುಟ್ಟಿ? ಚಂಡಮಾರುತದ್ದೇ ತಾನೆ?"

"ಯಾವುದು ಬೇಕು ಅಂದ್ರೇನಜ್ಜ? ನಡೆದದ್ದು ಹೇಳು."

"ನಡೆದದ್ದೂ ಅದೇ." ಅಜ್ಜ ಬಾಕಲಾಯಿತೊ ಮುರಿದ. "ಬೆಳಗ್ಗೆ ಗುಮೆ ಮೊಟ್ಟೆ ಹುರಿದು ಕೊಟ್ಟಾಗ ಹೋಟೆಲಿಂದು ನಡೆದಿತ್ತು. ಆಮೇಲೆ ಹೊತ್ತು ಏರಿತಲ್ಲ."

"ಅಜ್ಜಾ! ಚಾಗೊನ ಚಿತ್ರ ಹೋಗುತ್ತೆ."

"ಹೋಗಲ್ಲ ಬಿಡು. ಇನ್ನೊಂದಿದ್ರೆ ಹಾಕು."

ಹನ್ನೊಂದಕ್ಕೆ ಮೇಡಂ ಬಂದರು. ಹೆಸರು ಮಿಲಾಗ್ರೊಸ್ ಆರ್ರಿಯಾಗಾ. ಆ ಬಿಸಿಲಲ್ಲೂ ಕಡುನೀಲಿ ಕೋಟು, ಕಂಕುಳಲ್ಲಿ ಕಡತ. ಹಿಂದೆ ಡ್ರೈವರು, ಹಳೇ ಪೇಪರಿನಲ್ಲಿ ಸುತ್ತಿದ ಫಲಕವನ್ನು ಕೂಸಿನ ಹಾಗೆ ಎತ್ತಿಕೊಂಡು. ಉಳಿದ ಒಂಬತ್ತು ಅಂಗಡಿಯವರೂ ಕೆಲಸ ಬಿಟ್ಟು ಬಂದು ನಿಂತರು. ನಾಲ್ಕನೇ ಅಂಗಡಿಯವಳು ತನ್ನ ಬೆಣ್ಣೆಹಣ್ಣಿನ ಕೊಲಾದಾ ಒಂದು ಲೋಟ ತಂದು ಮೇಡಂ ಕೈಗೆ ಹಿಡಿಸಲು ನೋಡಿದಳು. ಅದನ್ನು ಎರಡನೇ ಸಲ ಕೇಳಿ ಕುಡಿದವರು ಇಲ್ಲಿಯವರೆಗೆ ಯಾರೂ ಇಲ್ಲದ್ದರಿಂದ ಜನರೇ ಅವಳನ್ನು ಹಿಂದಕ್ಕೆ ತಳ್ಳಿದರು.

"ಇದೇನು ಚಿತ್ರ?" ಅಂತ ಮೇಡಂ ಕನ್ನಡಕ ಏರಿಸಿದರು.

"ನಮ್ಮಜ್ಜ ಮೇಡಂ" ಅಂದಳು ಪ್ರೊವಿ, ಅವರ ಬಾಯಿಂದ ಬೇರೆ ಏನಾದರೂ ಬರುವ ಮೊದಲೇ. "ಅನಾನಸು ಹಿಡ್ಕೊಂಡಿದಾರೆ. ಚಂಡಮಾರುತದ ಮಾರನೇ ದಿನ."

"ಓ" ಅಂದರು ಮೇಡಂ. "ಸರಿ. ತಯಾರಿ ಶುರು ಮಾಡಿ."

ಪ್ರೊವಿ ತುರಿದ ಕಾಯನ್ನು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದಳು. ಲಾಹಾಸ್ ಕಡೆಯ ಸಿಹಿ ಅನಾನಸು, ಬಿಳಿ ರಮ್ಮು, ಐಸು, ಚಿಟಿಕೆ ಉಪ್ಪು. ಪಕ್ಕದಲ್ಲಿ ಗುಮೆ ಡಬ್ಬಿಯ ತೆಂಗಿನ ಕ್ರೀಮು ಸುರಿದ, ಫ್ರೀಜರಿನಲ್ಲಿ ಕಲ್ಲಾಗಿದ್ದ ಅನಾನಸಿನ ಹೋಳು ಹಾಕಿದ. ಕಪ್ಪು ರಮ್ಮು ಮೇಲೆ ತೇಲಿಸಲು ತೆಗೆದಿಟ್ಟ, ಚೆರಿ ಹಣ್ಣು ಮತ್ತು ಕಾಗದದ ಕೊಡೆ ಸಾಲಾಗಿ ಜೋಡಿಸಿದ.

"ಡಬ್ಬಿ" ಅಂದಳು ಪ್ರೊವಿ ಗಾಳಿಗೆ ಹೇಳುವಂತೆ. "ಅಜ್ಜ ಚಂಡಮಾರುತದಲ್ಲಿ ಡಬ್ಬಿ ಹುಡುಕ್ಕೊಂಡು ಹೋಗಿದ್ರಾ?"

"ಉಪ್ಪು!" ಅಂದ ಗುಮೆಯೂ ಗಾಳಿಗೆ. "ಕೊಲಾದಾಗೆ ಉಪ್ಪು ಹಾಕೋರು ನಾಳೆ ಒಗ್ಗರಣೆನೂ ಹಾಕ್ತಾರೆ."

"ನೀನು ಹೋದ ತಿಂಗಳು ನೀಲಿ ಕೊಲಾದಾ ಮಾಡಿದೋನು!"

"ಗಿರಾಕಿ ಕೇಳಿದ್ರು ಅಕ್ಕ. ಕಡಲ ಬಣ್ಣದ್ದು ಬೇಕು ಅಂದ್ರು."

"ನಾಳೆ ಮರಳಿನ ಬಣ್ಣದ್ದು ಕೇಳ್ತಾರೆ, ಮರಳೇ ಹಾಕ್ಕೊಡು."

ಎರಡು ಮಿಕ್ಸಿಗಳೂ ಒಟ್ಟಿಗೆ ಗರ್ಜಿಸಿದವು. ಹತ್ತು ಎಣಿಸುವಷ್ಟರಲ್ಲಿ ಎರಡೂ ಒಟ್ಟಿಗೆ ನಿಂತವು. ಫ್ಯಾನುಗಳು ನಿಂತವು, ರೇಡಿಯೋಗಳು ನಿಂತವು, ಸಾಲಿನ ಕೊನೆಯಿಂದ ಕೊನೆಯವರೆಗೆ ಒಂದು ನಿಟ್ಟುಸಿರು ಹಾದುಹೋಯಿತು. ಕರೆಂಟು ಹೋಗಿತ್ತು. ಇದರಲ್ಲಿ ಯಾರಿಗೂ ಹೊಸದೇನೂ ಇರಲಿಲ್ಲ. ಪ್ರೊವಿ ಮುಚ್ಚಳ ತೆಗೆದು ಬೆರಳದ್ದಿ ನೋಡಿದಳು, ಅರ್ಧ ಮಾತ್ರ ನುರಿದಿತ್ತು. ಗುಮೆಯೂ ಮುಚ್ಚಳ ತೆಗೆದ, ಅವನದು ಕಾಲು ಭಾಗವೂ ನುರಿದಿರಲಿಲ್ಲ. ಜಗ್ಗಿನೊಳಗೆ ಚಮಚ ಬಿಟ್ಟು ಕಲಕಿದ, ತೆಗೆದ, ತಲೆಯಾಡಿಸಿದ.

"ಅಲ್ಲಿವರೆಗೆ ಹೇಳಿಕೆ ತಗೊಳ್ಳೋಣ" ಅಂತ ಮೇಡಂ ಕುರ್ಚಿಯನ್ನು ಎರಡು ಅಂಗಡಿಗಳ ನಡುವೆ ನೆರಳಿಗೆ ಎಳೆದುಕೊಂಡು ಕೂತರು. ಅಜ್ಜನನ್ನು ಎದುರು ಕೂರಿಸಲಾಯಿತು. ಪ್ರೊವಿ ತನ್ನ ಕಟ್ಟೆಯ ಮೇಲೆ ಮೊಣಕೈ ಊರಿ ಕಿವಿಗೊಟ್ಟಳು. ಆ ಕಡೆಯ ಕಟ್ಟೆಯಲ್ಲಿ ಗುಮೆಯೂ ಹಾಗೇ.

"ದೊನ್ ಕಸಿಮಿರೊ, ಈ ಪಾನೀಯ ಮೊದಲು ಮಾಡಿದ್ದು ಎಲ್ಲಿ?"

ಅಜ್ಜ ಅವರ ಮುಖವನ್ನೇ ನೋಡಿದ. "ಮೇಡಂ ಅವರದ್ದು ಯಾವೂರು?"

"ಪೊನ್ಸೆ. ಪ್ರಶ್ನೆ ಏನಂದ್ರೆ..."

"ಮನೆತನ?"

"ಆರ್ರಿಯಾಗಾ."

ಅಜ್ಜ ಎರಡು ಕೈಯನ್ನೂ ತೊಡೆಗೆ ಬಡಿದುಕೊಂಡ. "ಅಲ್ಲೇ ನೋಡಿ ಮತ್ತೆ! ಪೊನ್ಸೆಯಲ್ಲಿ, ಆರ್ರಿಯಾಗಾ ಅನ್ನೋರ ಮನೆ ಮದುವೇಲಿ!"

"ಅಜ್ಜಾ!" ಅಂತ ಎರಡು ಕಟ್ಟೆಯಿಂದಲೂ ಕೂಗು ಬಂತು.

"ಸುಮ್ನಿರ್ರೋ ಮಕ್ಕಳಾ, ನೆನಪು ಬರೋವಾಗ ಅಡ್ಡ ಬರಬಾರದು. ಏನು ಮದುವೆ ಅದು! ಹಂಡೆ ತುಂಬ ಅನಾನಸಿನ ರಸಕ್ಕೆ ರಮ್ಮು ಸುರಿದಿಟ್ಟಿದ್ರು. ಹೊರಗಡೆಯಿಂದ ಒಬ್ಬಾಕೆ ತೆಂಬ್ಲೆಕೆ ತಟ್ಟೆ ಹೊತ್ಕೊಂಡು ಬಂದ್ಲು, ತೆಂಗಿನ ಹಾಲಿಂದು, ಹಿಂಗೆ ಗದಗದ ಅಂತ ನಡುಗ್ತಾ ಇತ್ತು. ಕಾಲು ಎಡವಿತು. ತೆಂಬ್ಲೆಕೆ ಸೀದಾ ಹಂಡೆಗೆ! ಎಲ್ಲರೂ ಅಯ್ಯೋ ದೇವರೇ ಅಂತ ಬಾಯಿ ಬಡ್ಕೊಂಡ್ರು. ನಾನು ಸೌಟು ತಗೊಂಡೆ..." ಅಜ್ಜ ದನಿ ತಗ್ಗಿಸಿದ. "ಮದುಮಗಳ ಮೂಗು ಇದೆಯಲ್ಲ ಮೇಡಂ, ಥೇಟ್ ನಿಮ್ಮದೇ."

ಮೇಡಂ ಬರೆಯುತ್ತಿದ್ದವರು ನಿಲ್ಲಿಸಿ, ಕುರ್ಚಿಯ ತುದಿಗೆ ಸರಿದು, ಕತ್ತು ಮುಂದೆ ಚಾಚಿದರು. "ಅವಳ ಹೆಸರು?"

ಆ ಹೆಸರು ಏನಾಗುತ್ತಿತ್ತೋ ದೇವರಿಗೇ ಗೊತ್ತು. ಸಾಲಿನ ಆ ತುದಿಯಿಂದ "ಬಂತೂ!" ಅಂತ ಒಂದು ಕೂಗು ಎದ್ದಿತು. ಕರೆಂಟು ಬಂದರೆ ಕೂಗುವುದು ಪ್ಲಾಯಾ ಮಾನ್ಸಾದ ಪದ್ಧತಿ, ಹೆರಿಗೆಯಾದಾಗ ಕೂಡ ಇಷ್ಟು ಜೋರಾಗಿ ಕೂಗುವುದಿಲ್ಲ. ಕರೆಂಟು ಹೋದಾಗ ಸ್ವಿಚ್ಚು ಆರಿಸುವ ಪದ್ಧತಿ ಮಾತ್ರ ಅಲ್ಲಿಲ್ಲ. ಆರಿಸಿದರೆ ಬಂದದ್ದು ಗೊತ್ತಾಗೋದು ಹೇಗೆ?

ಏಳನೇ ಅಂಗಡಿಯ ಮಿಕ್ಸಿಯೂ ಎಂಟನೇ ಅಂಗಡಿಯ ಮಿಕ್ಸಿಯೂ ಮುಚ್ಚಳವಿಲ್ಲದೆ ಒಂದೇ ಸಲಕ್ಕೆ ಎದ್ದವು. ಎಡದಿಂದ ಒಂದು ಬಿಳಿ ಕಾರಂಜಿ, ಬಲದಿಂದ ಇನ್ನೊಂದು. ನಡುವೆ ನೀಲಿ ಕೋಟು. ಪ್ರೊವಿ ಸ್ವಿಚ್ಚಿಗೆ ಹಾರಿದಳು, ಗುಮೆ ಚೆರಿಗಳನ್ನು ಚೆಲ್ಲಾಡಿಕೊಂಡು ವೈರಿಗೆ ಹಾರಿದ, ಅನಾನಸಿನ ಒಂದು ಕಲ್ಲುಹೋಳು ಹಾರಿ ಚೆಯೊನ ಬಕೆಟ್ಟಿಗೆ ಬಡಿಯಿತು. ಸದ್ದು ನಿಂತಾಗ ಸಮಿತಿಯ ಮೇಡಂ ಕೂದಲಿಂದ ಗಲ್ಲದವರೆಗೆ ಬಿಳಿಯಾಗಿ, ಪೆನ್ನು ಹಿಡಿದ ಭಂಗಿಯಲ್ಲೇ ಕೂತಿದ್ದರು. ಕಿವಿಯ ಮೇಲೆ ಗುಮೆಯ ಒಂದು ಚೆರಿ ಹಣ್ಣು.

ಮೇಡಂ ನಿಧಾನವಾಗಿ ಎಡಗೈ ತೋಳನ್ನು ಬಾಯಿಗೆ ತಂದು ನೆಕ್ಕಿದರು. ಆಮೇಲೆ ಬಲಗೈ ತೋಳು.

"ಎಡಗಡೆದ್ದು ಹಗುರ, ಉಪ್ಪು ಚೆನ್ನಾಗಿ ಕೂತಿದೆ. ಬಲಗಡೆದ್ದು ದಪ್ಪ, ಮಕ್ಕಳಿಗೆ ಇಷ್ಟ ಆಗುತ್ತೆ. ಎರಡೂ ಚೆನ್ನಾಗಿವೆ" ಅಂದರು. "ಆದ್ರೆ ಯಾರದು ಚೆನ್ನ ಅನ್ನೋದು ಪ್ರಶ್ನೆ ಅಲ್ಲ. ಯಾರದು ಮೊದಲು ಅನ್ನೋದು. ದೊನ್ ಕಸಿಮಿರೊ, ನಮ್ಮ ಮನೆತನದಲ್ಲಿ ಮದುವೆಗೆ ರಮ್ಮು ಕೊಡೋದೇ ಇಲ್ಲ. ಈಗ ಮೂರು ಕಥೆ ಆಯ್ತು. ದೇವಮಾತೆ ಮೇಲೆ ಕೈಯಿಟ್ಟು ಹೇಳಿ, ನೀವು ಮಾಡಿದ್ರಾ?"

ಪ್ರೊವಿಯ ಕಟ್ಟೆಯ ಮೇಲಿದ್ದ ದೇವಮಾತೆಯ ಪಟವನ್ನು ಇಳಿಸಿ ತಂದರು. ಅದಕ್ಕೂ ಕೊಲಾದಾ ಸಿಡಿದಿತ್ತು. ಅಜ್ಜ ಜೇಬಿನಿಂದ ಕರವಸ್ತ್ರ ತೆಗೆದು ತಾಯಿಯ ಮುಖ ಒರೆಸಿದ, ಮಗುವಿನ ಮುಖ ಒರೆಸಿದ. ಒರೆಸುತ್ತಾ ಒರೆಸುತ್ತಾ ಸಣ್ಣವನಾದ.

"ಇಲ್ಲ" ಅಂದ.

"ಹೋಟೆಲಲ್ಲೂ ಇಲ್ವಾ ಅಜ್ಜ?" ಅಂತ ಗುಮೆ ಕೇಳಿದ.

"ಹೋಟೆಲಿನ ಒಳಗೇ ನಾನು ಹೋಗಿಲ್ಲ ಕಣೋ. ನಿಂಗೆ ಚಿಕ್ಕಂದಿನಲ್ಲಿ ಹಿತ್ತಾಳೆ ಗುಂಡಿ ಅಂದ್ರೆ ಪ್ರಾಣ. ಅದಿಲ್ಲದ ಕಥೆಗೆ ನೀನು ಊಟ ಮಾಡ್ತಿರ್ಲಿಲ್ಲ. ಇವಳಿಗೆ ಗಾಳಿ ಅಂದ್ರೆ ಭಯ. ಗಾಳಿ ಬಂದ್ರೆ ಏನೋ ಸಿಹಿನೂ ಬರುತ್ತೆ ಅಂತ ಹೇಳಿದ್ಮೇಲೆ ಮಲಗ್ತಿದ್ಲು." ಅಜ್ಜ ಪಟವನ್ನು ಎದೆಗೆ ಆನಿಸಿಕೊಂಡ. "ನಾನು ಅದನ್ನ ಕುಡಿದಿದ್ದು ಒಂದೇ ಸಲ, ಸಾನ್ ಹ್ವಾನಿನಲ್ಲಿ, ಯಾವುದೋ ಅಂಗಡೀಲಿ ಸಾಲಲ್ಲಿ ನಿಂತು. ಎರಡು ದಿನ ಹೊಟ್ಟೆ ಕೆಟ್ಟಿತ್ತು. ತೆಂಗಿನಕಾಯಿ ನಂಗೆ ಆಗಿಬರಲ್ಲ."

ಗುಮೆ ಖಾಲಿ ಬಾಟಲಿ ಕ್ರೇಟಿನ ಮೇಲೆ ಕುಸಿದು ಕೂತ. "ಮೂವತ್ತು ವರ್ಷ ಹೇಳಿದೀನಲ್ಲ ಅಜ್ಜ. ಲಿಫ್ಟಿನ ಸಮೇತ."

"ಲಿಫ್ಟು ನೀನು ಸೇರಿಸಿದ್ದು. ನಂದು ಬರೀ ಮೆಟ್ಟಿಲು."

ಮೇಡಂ ಕಡತ ಒರೆಸಿಕೊಂಡು ಮುಚ್ಚಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಪ್ರೊವಿಗೆ ಇನ್ನೂ ಕಷ್ಟವಾಯಿತು. ಸಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. "ಫಲಕ ಯಾರಿಗೂ ಇಲ್ಲ. ಎರಡು ಗೋಡೆಗೂ ಬಿಳಿ. ಬರಹ, ಚಿತ್ರ, ಎರಡೂ. ಕ್ಷಮಿಸಿ."

ಚೆಯೊ ಬಕೆಟ್ಟಿನ ಮುಚ್ಚಳ ಎಬ್ಬಿಸಿದ. ಏಣಿಯನ್ನು ಮೊದಲು ಏಳನೇ ಅಂಗಡಿಗೇ ಒರಗಿಸಿದ, ಯಾಕೆಂದರೆ ಅದು ನೆರಳಲ್ಲಿತ್ತು. ಹತ್ತಿದ. ಕುಂಚ ಅದ್ದಿದ. ಮೂರು ದಿನ ಹಿಡಿದಿದ್ದ ಆ ಕಿವಿಯ ಹತ್ತಿರ ಕೈ ಒಯ್ದ.

"ತಡಿ!" ಅಂದಳು ಪ್ರೊವಿ. "ಮೇಡಂ, ಹಕ್ಕು ಸಾರೋ ಚಿತ್ರ ಇರಬಾರದು, ಅಷ್ಟೇ ತಾನೆ? ಬೇರೆ ಚಿತ್ರ ಇದ್ರೆ?"

"ಬೇರೆ ಏನು ಬೇಕಾದ್ರೂ ಇರಲಿ. ಹೂವು, ಮೀನು."

"ಈ ಚಿತ್ರದಲ್ಲಿ ಏನಿದೆ, ನೀವೇ ಹೇಳಿ."

"ನಿಮ್ಮಜ್ಜ, ಅನಾನಸು. ಬೆಳಗ್ಗೆ ನೀವೇ ಹೇಳಿದ್ರಲ್ಲ?"

"ನಾನು ಹೇಳಿದ್ದು ಬಿಡಿ. ನಿಮ್ಮ ಕಣ್ಣಿಗೆ?"

ಮೇಡಂ ಮರ್ಯಾದಸ್ಥೆ, ಕನ್ನಡಕ ತೆಗೆದು ಒರೆಸತೊಡಗಿದರು. ಎಲ್ಲರೂ ಪ್ರೊವಿಯನ್ನೇ ನೋಡುತ್ತಿದ್ದರು. ಆ ಮಾತನ್ನು ಈಗ ಅವಳೇ ಹೇಳಬೇಕಿತ್ತು. ಎಷ್ಟು ಜನರ ಜೊತೆ ಹೊಡೆದಾಡಿದ್ದಳು ಇದೇ ಮಾತಿಗೆ! ಪಾದ್ರಿಯನ್ನೇ ಒಂದು ಸಲ ಅಂಗಡಿಯಿಂದ ಎಬ್ಬಿಸಿ ಕಳಿಸಿದ್ದಳು. ಅವಳು ಗೋಡೆಯ ಕಡೆ ತಿರುಗಿ, ಚಾಗೊಗೆ ಕೇಳಿಸಬಾರದು ಅನ್ನುವಷ್ಟು ಮೆಲ್ಲಗೆ ಹೇಳಿದಳು.

"ಹೋತ."

"ಏನಂದ್ರಿ?" ಅಂತ ಏಣಿಯ ಮೇಲಿಂದ ಚೆಯೊ.

"ಹೋತ ಅಂದೆ ಕಣೋ ಕಿವುಡ! ಅದು ಹೋತ! ಕೈಲಿರೋದು ಕಡಲ ಮುಳ್ಳುಚೆಂಡು! ಹೋತ ಇರಬಾರದು ಅಂತ ಯಾವ ಕಾನೂನಲ್ಲಿದೆ?"

ಚೆಯೊ ಏಣಿಯಿಂದ ಬೀಳುವುದೊಂದು ಬಾಕಿ. ಗುಮೆ ಕ್ರೇಟಿನಿಂದ ಎದ್ದು ಬಂದ. "ಹೋತವೇ ಮೇಡಂ. ಭಾವ ಅದನ್ನ ಬರೆದ ದಿನದಿಂದ ನಾನು ಹೇಳ್ತಾ ಇದೀನಿ, ಅಕ್ಕ ನನ್ನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ಲು." ನಾಲ್ಕನೇ ಅಂಗಡಿಯವಳು ಹೌದೆಂದಳು, ಡ್ರೈವರು ಹೌದೆಂದ. ಇಷ್ಟು ದಿನ ಅದುಮಿಟ್ಟುಕೊಂಡಿದ್ದ ಮಾತು ಹನ್ನೊಂದು ಅಂಗಡಿಯಿಂದಲೂ ಒಮ್ಮೆಗೇ ಉಕ್ಕಿತು. ಗಡ್ಡ ಅಂದರು, ಕಿವಿ ಅಂದರು, ಕಾಲು ನಾಲ್ಕಿದೆಯೇನೋ ಅಂತಲೂ ಒಬ್ಬರು ಅಂದರು.

"ನಾನಾ?" ಅಂದ ಅಜ್ಜ. "ಇಷ್ಟು ದಿನ ಅಲ್ಲಿ ನಿಂತಿದ್ದೋನು ನಾನಲ್ವಾ?"

"ನೀನಲ್ಲ ಅಜ್ಜ. ಸುಮ್ನೆ ಮಾಲ್ಟಾ ಕುಡಿ."

ಮೇಡಂ ಕಡತ ತೆರೆದು ಬರೆದರು: ಏಳನೇ ಅಂಗಡಿ, ಹೋತ ಒಂದು, ಮುಳ್ಳುಚೆಂಡು ಒಂದು, ಹಕ್ಕುಸಾಧನೆ ಇಲ್ಲ. ಪ್ರೊವಿ ಸಹಿ ಹಾಕಿದಳು. ಹಾಕುವಾಗ ನಗು ಬಂತು. ಚಾಗೊ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಕ್ಕು, 'ನೋಡಿದ್ಯಾ, ನಾನವತ್ತೇ ಹೇಳ್ಲಿಲ್ವಾ' ಅಂತ ಊರೆಲ್ಲ ಸಾರುತ್ತಿದ್ದ ಅನ್ನಿಸಿತು.

"ಆದ್ರೆ ಕೆಳಗಿನ ಅಕ್ಷರ ಹೋಗಬೇಕು" ಅಂದರು ಮೇಡಂ.

"ಹೋಗಲಿ ಬಿಡಿ. ಅಕ್ಷರ ಬರೆಸಿದ್ದು ದುಡ್ಡು ಕೊಟ್ಟು."

ಚೆಯೊ ಕೆಂಪಕ್ಷರಗಳ ಮೇಲೆ ಉದ್ದಕ್ಕೆ ಬಿಳಿ ಎಳೆದ, ಎಂಟನೇ ಅಂಗಡಿಯ ನೀಲಿಯ ಮೇಲೂ ಎಳೆದ. ಮೇಡಂ ಫಲಕವನ್ನೂ, ಎರಡು ಸೀಸೆ ಕೊಲಾದಾವನ್ನೂ ಕಾರಿನಲ್ಲಿಟ್ಟುಕೊಂಡು ಹೊರಟರು. ಆಗಲೇ ಪ್ರವಾಸಿಗಳ ಬಸ್ಸು ಬಂತು. ಅದರಿಂದ ಇಳಿದ ಮೊದಲನೇ ದಪ್ಪ ಮನುಷ್ಯ ಹೋತವನ್ನು ಕಂಡು ಖುಷಿಯಾಗಿ ಓಡಿಬಂದು, ಯಾರಾದರೂ ಬೇಡ ಬೇಡ ಅನ್ನುವಷ್ಟರಲ್ಲಿ ಹಸಿ ಗೋಡೆಗೆ ಬೆನ್ನು ಆನಿಸಿ ಹೆಂಡತಿಗೆ ಹಲ್ಲು ಕಿರಿದು ನಿಂತ. ಫೋಟೋ ಆಯಿತು. ಅವನು ಬೆನ್ನ ತುಂಬ ಬಿಳಿ ಹೊತ್ತುಕೊಂಡು ಎಂಟನೇ ಅಂಗಡಿಯ ಕಡೆ ನಡೆದ. ಅವನು ಒರಗಿದ್ದ ಜಾಗದಲ್ಲಿ ಬಣ್ಣ ಎದ್ದುಬಂದು 'ಇಲ್ಲೇ' ಅನ್ನುವ ಒಂದು ಮಾತು ಕೆಂಪಗೆ ಕಾಣುತ್ತಿತ್ತು. ಚೆಯೊ ಕುಂಚ ಅದ್ದಿದ, ಆ ಮಾತನ್ನು ನೋಡಿದ, ಬಾಣಲೆಯ ಮುಂದಿದ್ದ ಪ್ರೊವಿಯನ್ನು ನೋಡಿದ, ಬಕೆಟ್ಟಿನ ಮುಚ್ಚಳ ಹಾಕಿ ಊಟಕ್ಕೆ ಕೈ ತೊಳೆಯಲು ಹೋದ.